ಕಾರಿನಲ್ಲೇ ಉಳಿದ ಮಾತು

ಕಾರು ಬಂದು ಏಣಿಗೆ ತಾಗಿದಾಗ ಅವಳು ಏಣಿಯ ಮೇಲೇ ಇದ್ದಳು.

ಅಂಗಡಿಯ ಬೋರ್ಡಿನಲ್ಲಿ ಸುಟ್ಟುಹೋದ ಬಲ್ಬು ಬದಲಾಯಿಸುತ್ತಿದ್ದವಳು ಬೋರ್ಡಿನ ಅಂಚನ್ನೇ ತಬ್ಬಿ ಹಿಡಿದಳು. ಕೈಯಲ್ಲಿದ್ದ ಹೊಸ ಬಲ್ಬು ಕೆಳಗೆ ಬಿದ್ದು ಪುಡಿಯಾಯಿತು.

ಕಾರಿನಿಂದ ಇಳಿದ ಯುವಕನ ಮೊಣಕಾಲಿನವರೆಗೂ ಕೆಸರು. ಫೋನು ಇನ್ನೂ ಅವನ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಎರಡು ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ಹಿಡಿದು, ಕತ್ತೆತ್ತಿ ಅವಳನ್ನೇ ನೋಡುತ್ತಾ, ಫೋನಿನಲ್ಲಿ ಹೇಳುತ್ತಿದ್ದ.

"ಕರುವಿನ ಹಿಂಗಾಲು ಮೊದಲು ಬಂದಿದ್ರೆ ಎಳೀಬೇಡಿ, ನಾನು ಬರ್ತೀನಿ. ಅಲುಗಾಡಬೇಡಿ... ನಿಮಗಲ್ಲ, ಇಲ್ಲಿ ಏಣಿ ಮೇಲಿರೋರಿಗೆ ಹೇಳಿದ್ದು."

ಒಳಗಿನಿಂದ ಮಾವ ಓಡಿ ಬಂದರು. ಅವಳ ತಾಯಿಯ ತಮ್ಮ. ಕಾರುಗಳ ವೈರಿಂಗ್ ಮಾಡುವ ಆ ಅಂಗಡಿ ಅವರದು.

"ಏನಪ್ಪಾ, ಅಲ್ಲೊಂದು ಜೀವ ಬರೋದಕ್ಕೆ ಇಲ್ಲೊಂದು ಜೀವ ಕಳಿಸ್ತೀಯಾ?"

ಅವನು ದನಕರುಗಳ ಡಾಕ್ಟರು. ಫೋನು ಎತ್ತದಿದ್ದರೆ ಎಲ್ಲೋ ಒಂದು ಹಸು ಸಾಯುತ್ತದೆ, ಎತ್ತಿದರೆ ಹೀಗಾಗುತ್ತದೆ ಎಂದು ತಲೆ ತಗ್ಗಿಸಿದ. ಕರು ಹುಟ್ಟಿಸಿ ನೇರವಾಗಿ ಇಲ್ಲಿಗೇ ಬರಬೇಕು, ಫೋನು ಮುಟ್ಟದೆ ಕಾರಿನ ಸ್ಪೀಕರಿನಲ್ಲೇ ಮಾತಾಡುವ ಹ್ಯಾಂಡ್ಸ್‌ಫ್ರೀ ಕಿಟ್ ಹಾಕಿಸಿಕೊಳ್ಳದೆ ಈ ಬೀದಿಯಲ್ಲಿ ಗಾಡಿ ಕಾಣಿಸಬಾರದು ಎಂದು ಮಾವ ಗದರಿ ಕಳಿಸಿದರು.

ಮಧ್ಯಾಹ್ನ ಅವನು ನಿಜವಾಗಿಯೂ ಬಂದ. ಕೈಯಲ್ಲಿ ಒಂದು ಹೊಸ ಬಲ್ಬು ಇತ್ತು.

ಡ್ಯಾಶ್‌ಬೋರ್ಡಿನ ಹಿಂದಿನ ಇಕ್ಕಟ್ಟಿಗೆ ಮಾವನ ದಪ್ಪ ಕೈ ಹೋಗುತ್ತಿರಲಿಲ್ಲ. ಆ ಕೆಲಸವೆಲ್ಲ ಅವಳದೇ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಮೇಲೆ ವೈರುಗಳ ನಡುವೆಯೇ ಬೆಳೆದವಳು. ವೈರುಗಳು ಪ್ರಶ್ನೆ ಕೇಳುವುದಿಲ್ಲ. ಯಾರಾದರೂ ಎದುರು ನಿಂತು ಮಾತಾಡಿಸಿದರೆ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಮಾವ ಅವಳನ್ನು ಕರೆಯುತ್ತಿದ್ದದ್ದೇ ಗುಬ್ಬಿ ಎಂದು. ಗುಬ್ಬಿಯಾದರೂ ಚಿಲಿಪಿಲಿ ಅನ್ನುತ್ತದೆ, ಇವಳದು ಅದೂ ಇಲ್ಲ ಎಂದು ಗಿರಾಕಿಗಳ ಮುಂದೆ ಕಾಲೆಳೆಯುತ್ತಿದ್ದರು.

ರೇಡಿಯೋವನ್ನು ಹೊರಗೆಳೆದು ಅದರ ಹಿಂದೆ ಕಿಟ್ಟಿನ ಪುಟ್ಟ ಪೆಟ್ಟಿಗೆ ಕೂರಿಸಿದಳು. ಸ್ಪೀಕರುಗಳನ್ನು ಅದಕ್ಕೆ ಜೋಡಿಸಿದಳು. ಮೈಕಿನ ತೆಳುವಾದ ವೈರನ್ನು ಬಾಗಿಲ ಅಂಚಿನ ರಬ್ಬರಿನೊಳಗೆ ತೂರಿಸಿ ಮೇಲಕ್ಕೆ ತಂದಳು.

ಮೈಕು ಗಾಡಿ ಓಡಿಸುವವರ ಬಾಯಿಂದ ಎರಡು ಗೇಣು ದೂರದಲ್ಲಿರಬೇಕು. ಅದಕ್ಕೆ ಅವನು ಸೀಟಿನಲ್ಲಿ ಕೂತ. ಅವಳು ಅವನ ತುಟಿಯ ಮುಂದಿನಿಂದ ಗಾಳಿಯಲ್ಲೇ ಗೇಣು ಹಾಕಿದಳು.

ಒಂದು... ಎರಡು...

ಅವನ ಉಸಿರು ಅಂಗೈಗೆ ತಾಗಿತು. ಅಳತೆ ಮರೆತುಹೋಯಿತು. ಮತ್ತೆ ಮೊದಲಿನಿಂದ ಹಾಕಿದಳು.

ಕೊನೆಗೆ ಪರೀಕ್ಷೆ. ಅವಳು ಗೋಡೆಯ ಆಚೆ ಹೋಗಿ ಕರೆ ಮಾಡುತ್ತಾಳೆ, ಗಿರಾಕಿ ಕಾರಿನಲ್ಲಿ ಕೂತು ಮಾತಾಡುತ್ತಾರೆ. ಏನು ಮಾತಾಡುವುದೆಂದು ಎಲ್ಲರೂ ತಡವರಿಸುವುದರಿಂದ ಅವಳು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಬೆಳಿಗ್ಗೆ ಏನು ತಿಂದ್ರಿ?"

"ಏನೂ ಇಲ್ಲ. ನೀವು?"

ಇಷ್ಟು ವರ್ಷಗಳಲ್ಲಿ ಯಾರೂ ತಿರುಗಿ ಕೇಳಿರಲಿಲ್ಲ.

"ಬ್ರೆಡ್ಡು... ಟೀಗೆ ಅದ್ಕೊಂಡು."

"ಅದ್ದಿದ್ದು ಮುರಿದು ಲೋಟದೊಳಗೆ ಬೀಳಲ್ವಾ?"

ಬೀಳುತ್ತದೆ, ಆಮೇಲೆ ಚಮಚದಲ್ಲಿ ಎತ್ತಿ ತಿನ್ನುತ್ತೇನೆ ಎಂದಳು ಅವಳು. ಹೇಳಿ ಬೆಚ್ಚಿದಳು. ಇಷ್ಟು ಮಾತು ನನ್ನ ಬಾಯಿಂದ ಬಂದದ್ದೇ? ಮುಖ ಕಾಣದಿದ್ದರೆ ನನಗೆ ಮಾತು ಬರುತ್ತದೆಯೇ?

ಹೊರಡುವಾಗ ಅವಳೇ ಹೇಳಿಕೊಟ್ಟಳು. ಕೀ ತಿರುಗಿಸಿದ ಕೂಡಲೇ ಫೋನು ತಾನಾಗಿಯೇ ಕಾರಿಗೆ ಸೇರಿಕೊಳ್ಳುತ್ತದೆ, ಕೈ ಕೆಸರಾಗಿದ್ದರೂ ಮುಟ್ಟಬೇಕಿಲ್ಲ. ಎಲ್ಲರಿಗೂ ಹಾಗೆ ಹಾಕಿಕೊಡುತ್ತಿರಲಿಲ್ಲ. ಅವನ ಕೈಗಳನ್ನು ನೋಡಿ ಹಾಕಿಕೊಟ್ಟಿದ್ದಳು.

ಮರುದಿನವೇ ಅವನ ಕರೆ ಬಂತು. ಮೈಕಿನಲ್ಲಿ ಗಾಳಿಯ ಸದ್ದು ಬರುತ್ತಿದೆಯೇ ನೋಡಿ ಎಂದ. ಅದರ ಮರುದಿನ, ಮಣ್ಣು ರಸ್ತೆಯಲ್ಲಿ ಸರಿಯಾಗಿ ಕೇಳಿಸುತ್ತಿದೆಯೇ ಎಂದ. ಒಂದು ವಾರ ಕಳೆಯುವಷ್ಟರಲ್ಲಿ ನೆಪಗಳು ಮುಗಿದವು. ಕರೆಗಳು ಮುಗಿಯಲಿಲ್ಲ.

ದನಗಳ ಒಂದು ಫಾರಮ್ಮಿನಿಂದ ಇನ್ನೊಂದಕ್ಕೆ ಹೋಗುವ ಖಾಲಿ ರಸ್ತೆಗಳಲ್ಲಿ ಅವನು ಮಾತಾಡುತ್ತಿದ್ದ, ಅವಳೂ ಮಾತಾಡುತ್ತಿದ್ದಳು! ಒದೆಯುವ ಕುದುರೆ, ಕಚ್ಚುವ ನಾಯಿ, ಮಾವನ ಗೊರಕೆ. ರೈಲು ಓಡಿಸಿ ನಿವೃತ್ತರಾದ ತನ್ನ ಅಪ್ಪನ ವಿಷಯ ಅವನು ನಗುತ್ತಾ ಹೇಳುತ್ತಿದ್ದ. ಮನೆಯಲ್ಲಿ ಅವರಿಬ್ಬರೇ. ಇಂಜಿನ್ ತಣ್ಣಗಿದ್ದರೆ ಅಪ್ಪನಿಗೆ ಮಗನಿಗೇ ಜ್ವರ ಬಂದಷ್ಟು ಸಂಕಟವಂತೆ.

ಕಾರು ತಿರುಗುವಾಗಿನ ಟಿಕ್ ಟಿಕ್, ಗೇಟಿನ ಮುಂದಿನ ಜಲ್ಲಿಯ ಸದ್ದು, ಎಲ್ಲವೂ ಅವಳಿಗೆ ಗುರುತಾಗುತ್ತಿದ್ದವು. ಆ ಇಂಜಿನ್ನನ್ನು ನೂರು ಇಂಜಿನ್ನುಗಳ ನಡುವೆ ಗುರುತು ಹಿಡಿಯಬಲ್ಲವಳಾದಳು. ಮನಸ್ಸು ಎಲ್ಲಿಗೆ ಹೊರಟಿದೆ ಎಂಬುದು ಮಾತ್ರ ತಡವಾಗಿ ಗೊತ್ತಾಯಿತು.

ಎಂಟು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ, ಅವಳು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಫೋನು ಬಂತು. ಅವನ ದನಿ ಎಂದಿನಂತಿರಲಿಲ್ಲ.

ದೂರದ ದೊಡ್ಡ ಫಾರಮ್ಮೊಂದರಲ್ಲಿ ಕೆಲಸ ಸಿಕ್ಕಿದೆ, ಇವತ್ತೇ ಉತ್ತರ ಕೊಡಬೇಕು ಎಂದ.

"ಹೋಗ್ಲಾ, ಬೇಡ್ವಾ... ನೀವು ಹೇಳಿ. ಯಾಕೆ ನಿಮ್ಮನ್ನೇ ಕೇಳ್ತಿದ್ದೀನಿ ಅಂತ ನಿಮಗೆ ಗೊತ್ತು."

ಅವಳ ಕೈ ಬಾಗಿಲ ಚಿಲಕದ ಮೇಲೇ ನಿಂತಿತು.

"ಹೇಳೋಕೆ ಆಗಲ್ಲ ಅಂದ್ರೆ ಸುಮ್ಮನಿದ್ಬಿಡಿ. ಅರ್ಥ ಮಾಡ್ಕೋತೀನಿ. ಮತ್ತೆ ಕೇಳಿ ಕಷ್ಟ ಕೊಡಲ್ಲ."

ಹೇಳಬೇಕು. ಈಗಲೇ ಹೇಳಬೇಕು. ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಒಂದು ಕ್ಷಣ... ಎರಡು ಕ್ಷಣ...

ಆ ಕಡೆ ಇಂಜಿನ್ ಸ್ಟಾರ್ಟ್ ಆಯಿತು. ಅದೇ ಇಂಜಿನ್. ಅಯ್ಯೋ, ಹೊರಟೇಬಿಟ್ಟನೇ?

ಕಟ್ಟೆ ಒಡೆದ ಹಾಗೆ ಮಾತು ಬಂತು.

"ಹೋಗ್ಬೇಡಿ ಡಾಕ್ಟ್ರೇ. ನಾನು ಯಾರ ಹತ್ರಾನೂ ಮಾತಾಡ್ದೋಳು. ನಿಮ್ಮ ಹತ್ರ ಮಾತಾಡಿ ಮಾತಾಡಿ ನನ್ನ ದನಿ ಹೀಗಿದೆ ಅಂತ ನನಗೇ ಗೊತ್ತಾಯ್ತು. ನೀವು ಹೋದ್ರೆ ಮತ್ತೆ ಸುಮ್ಮನಾಗಿಬಿಡ್ತೀನಿ. ನನಗೆ ನೀವು ಬೇಕು."

ಆ ಕಡೆ ಇಂಜಿನ್ನಿನ ಸದ್ದು ಮಾತ್ರ. ಅದರ ನಡುವೆ ಯಾರೋ ಉಸಿರು ಬಿಗಿಹಿಡಿದ ಹಾಗೆ...

ಆಮೇಲೆ ಫೋನು ಕಟ್ಟಾಯಿತು.

ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಬಾಯಿಬಿಟ್ಟು ಕೇಳಿದವನು, ನಾನು ಹೇಳುವ ಮೊದಲೇ ಗಾಡಿ ಸ್ಟಾರ್ಟ್ ಮಾಡಿ, ಹೇಳಿದ್ದನ್ನು ಕೇಳಿಯೂ ಹೋದನೇ? ಅಷ್ಟು ಹಗುರವಾಯಿತೇ ನನ್ನ ಮಾತು?

ಆ ದಿನ ಕರೆ ಬರಲಿಲ್ಲ. ಮರುದಿನವೂ ಇಲ್ಲ.

ಐದನೇ ದಿನ ಅವನೇ ಅಂಗಡಿಗೆ ಬಂದ. ಅವಳು ಬೇರೊಂದು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿದ್ದಳು. ತೆರೆದ ಬಾಗಿಲಿನಿಂದ ಅವನ ಬೂಟುಗಳು ಕಂಡವು. ಕೆಸರು ಒಣಗಿ ಬಿರುಕು ಬಿಟ್ಟಿತ್ತು. ನಾಳೆ ಹೊರಡುತ್ತಿದ್ದೇನೆ, ಹೇಳಿ ಹೋಗೋಣ ಎಂದು ಬಂದೆ ಎಂದು ಅವನು ಮಾವನಿಗೆ ಹೇಳುವುದು ಕೇಳಿಸಿತು.

"ಗುಬ್ಬೀ, ಡಾಕ್ಟ್ರು ಬಂದಿದ್ದಾರೆ ನೋಡು," ಎಂದರು ಮಾವ.

ಅವಳು ಇಕ್ಕಳವನ್ನು ಬಿಗಿಯಾಗಿ ಹಿಡಿದಳು. ಎದ್ದರೆ ಅತ್ತುಬಿಡುತ್ತೇನೆ.

ಬೂಟುಗಳು ಕಾರಿನ ಹತ್ತಿರ ಬಂದವು. ನಿಂತವು. ಬಹಳ ಹೊತ್ತು ನಿಂತವು. ಆಮೇಲೆ ತಿರುಗಿ ಹೋದವು. ನೆಲದ ಮೇಲೆ ಒಣ ಮಣ್ಣಿನ ಎರಡು ಹೆಂಟೆಗಳು ಉಳಿದವು. ಸಂಜೆ ಅಂಗಡಿ ಗುಡಿಸುವಾಗ ಅವಳು ಅವೆರಡನ್ನೂ ಬಿಟ್ಟು ಸುತ್ತಲೂ ಗುಡಿಸಿದಳು.

ಮತ್ತೆ ಅವಳು ಸುಮ್ಮನಾದಳು. ಮೊದಲಿಗಿಂತಲೂ ಹೆಚ್ಚು. ಪರೀಕ್ಷೆಯ ಕರೆಗಳನ್ನು ಮಾವನಿಗೇ ಬಿಟ್ಟುಕೊಟ್ಟಳು. ಬೆಳಿಗ್ಗೆ ಏನು ತಿಂದಿರಿ ಎಂಬ ಪ್ರಶ್ನೆ ಅವಳ ನಾಲಿಗೆಗೆ ಬರುತ್ತಿರಲಿಲ್ಲ. ಮಾವ ಕಾಲೆಳೆಯುವುದನ್ನು ನಿಲ್ಲಿಸಿದರು. ಒಂದು ದಿನ ಟೀ ಲೋಟ ಮುಂದಿಟ್ಟು, ಏನಾಯಿತು ಹೇಳಮ್ಮಾ ಎಂದರು. ಅವಳು ಬ್ರೆಡ್ಡನ್ನು ಟೀಗೆ ಅದ್ದಿದಳು. ಅದು ಮುರಿದು ಒಳಗೆ ಬಿತ್ತು. ಅವಳು ಚಮಚ ತೆಗೆದುಕೊಳ್ಳಲಿಲ್ಲ.

ಒಂದು ವರ್ಷ ತುಂಬುತ್ತಾ ಬಂದಿತ್ತು. ಆಗ ಬೀದಿಯ ತಿರುವಿನಲ್ಲಿ ಆ ಇಂಜಿನ್ನಿನ ಸದ್ದು ಕೇಳಿಸಿತು.

ಅವಳ ಕೈಯಿಂದ ಟೇಪಿನ ಸುರುಳಿ ಜಾರಿತು. ಬಂದನೇ?

ಇಳಿದದ್ದು ನೆಟ್ಟಗೆ ನಿಂತ, ಬಿಳಿ ಮೀಸೆಯ ಹಿರಿಯರು. ಅವಳು ಎಂದೂ ನೋಡಿರದ ಅವನ ಅಪ್ಪ. ಅಲ್ಲಿ ಇನ್ನೂ ಎರಡು ವರ್ಷ ಇರಲು ಮಗ ಈ ವಾರ ಸಹಿ ಹಾಕುತ್ತಾನೆ, ಕಾರು ಮಾರಿಬಿಡು ಎಂದಿದ್ದಾನೆ ಎಂದು ಅವರು ಮಾವನಿಗೆ ಹೇಳಿದರು. ಈ ಮಾತಾಡುವ ಯಂತ್ರವನ್ನು ತೆಗೆದು ರೇಡಿಯೋವನ್ನು ಮೊದಲಿನಂತೆಯೇ ಜೋಡಿಸಿಕೊಡಬೇಕಂತೆ.

ಮಾವ ಅವಳ ಮುಖ ನೋಡಿ, ನಾನೇ ತೆಗೆಯುತ್ತೇನೆ ಎಂದರು. ಅವಳು ತಲೆಯಾಡಿಸಿ ಕಾರಿನೊಳಗೆ ತೂರಿಕೊಂಡಳು. ನಾನೇ ಕೂರಿಸಿದ್ದು. ನಾನೇ ಕೀಳುತ್ತೇನೆ.

ಅವಳು ಸುತ್ತಿದ ಟೇಪುಗಳೆಲ್ಲ ಹಾಗೇ ಇದ್ದವು. ಒಂದೊಂದು ವೈರೂ ಕಣ್ಣೀರಿನಲ್ಲಿ ಎರಡಾಗಿ ಕಾಣುತ್ತಿತ್ತು. ಯಾವುದರಲ್ಲಿ ವಿದ್ಯುತ್ ಹರಿಯುತ್ತಿದೆ ಎಂದು ನೋಡಿಯೇ ಕತ್ತರಿಸಬೇಕು. ಹಿರಿಯರು ಚಾಲಕನ ಸೀಟಿನಲ್ಲಿ ಕೂತಿದ್ದರು. ಅವಳು ಕೆಳಗಿನಿಂದಲೇ ಹೇಳಿದಳು.

"ಒಂದ್ಸಲ ಕೀ ತಿರುಗಿಸ್ತೀರಾ?"

ಅವರು ಕೀ ತಿರುಗಿಸಲಿಲ್ಲ.

"ಈ ದನಿ..." ಎಂದರು ನಿಧಾನವಾಗಿ. "ಮಗಳೇ, ಈ ದನಿ ನಾನು ಕೇಳಿದ್ದೀನಿ. ಇದೇ ಗಾಡಿಯಲ್ಲಿ."

ಅವಳು ತಲೆ ಹೊರಗೆಳೆದಳು.

ಅವರು ಅವಳನ್ನು ನೋಡದೆ, ಸ್ಟೀರಿಂಗ್ ನೋಡುತ್ತಾ ಹೇಳಿದರು. ದಿನವೂ ಬೆಳಿಗ್ಗೆ ಅವರು ಇಂಜಿನ್ ಬಿಸಿ ಮಾಡಲು ಕಾರಿನಲ್ಲಿ ಕೂರುತ್ತಿದ್ದರು. ಅವತ್ತು ಕೀ ತಿರುಗಿಸಿದ ಮೇಲೆ, ಒಮ್ಮೆಲೇ ನಾಲ್ಕೂ ಸ್ಪೀಕರುಗಳಿಂದ ಒಬ್ಬ ಹುಡುಗಿ ಮಾತಾಡತೊಡಗಿದಳು. ಅವರು ಉಸಿರಾಡಲೂ ಹೆದರಿ ಕೂತುಬಿಟ್ಟರು.

"ನೀವು ಹೋದ್ರೆ ಮತ್ತೆ ಸುಮ್ಮನಾಗಿಬಿಡ್ತೀನಿ ಅಂದೆ ನೀನು. ನನಗಲ್ಲದ ಮಾತು. ಕೇಳಿದೆ ಅಂತ ಮಗನಿಗೆ ಹೇಗೆ ಹೇಳ್ಲಿ? ಅವನಿಗೂ ಕೇಳಿಸಿರುತ್ತೆ ಅಂದ್ಕೊಂಡೆ."

ಅವಳು ಇಕ್ಕಳವನ್ನು ಕೆಳಗಿಟ್ಟಳು. "ಅವತ್ತು ಅವರು... ಎಲ್ಲಿದ್ರು?"

"ಮನೆಯೊಳಗೆ. ಕಿಟಕಿ ಹತ್ರ ನಿಂತ್ಕೊಂಡು ಹಲೋ ಹಲೋ ಅಂತಿದ್ದ. ಆಮೇಲೆ ಹೊರಗೆ ಬಂದು, ಅಪ್ಪಾ, ನಾನು ಹೋಗ್ತೀನಿ ಅಂದ. ಹುಡುಗಿ ಅಷ್ಟು ಕೇಳ್ಕೊಂಡ್ರೂ ಹೊರಟ್ನಲ್ಲ, ನನ್ನ ಮಗ ಇಷ್ಟು ಕಲ್ಲಾ ಅಂತ ನಾನು ಅವನ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ."

ಕೀ ತಿರುಗಿಸಿದ ಕೂಡಲೇ ಫೋನು ತಾನಾಗಿಯೇ ಕಾರಿಗೆ ಸೇರಿಕೊಳ್ಳುತ್ತದೆ.

ಅವಳೇ ಹಾಗೆ ಹಾಕಿಕೊಟ್ಟಿದ್ದಳು. ಅವನ ಕೈಯಲ್ಲಿದ್ದ ಕರೆಯನ್ನು ಕಾರು ತನ್ನ ಕಡೆ ಎಳೆದುಕೊಂಡಿತ್ತು. ಅವಳು ಕಾರಿಗೆ ಮಾತಾಡಿದ್ದಳು. ಕಿಟಕಿಯ ಬಳಿ ನಿಂತಿದ್ದವನಿಗೆ ಕೇಳಿಸಿದ್ದು ಮೌನ ಮಾತ್ರ. ಸುಮ್ಮನಿದ್ದರೆ ಅರ್ಥ ಮಾಡಿಕೊಳ್ಳುತ್ತೇನೆ ಎಂದಿದ್ದ. ಮಾಡಿಕೊಂಡಿದ್ದ.

ಒಂದು ವರ್ಷ! ಆ ಬೂಟುಗಳು... ಎಷ್ಟು ಹೊತ್ತು ನಿಂತಿದ್ದವು... ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹಿರಿಯರು ತಡೆಯಲಿಲ್ಲ.

ಅಳು ನಿಂತ ಮೇಲೆ ತಮ್ಮ ಫೋನನ್ನು ಅವಳ ಕೈಗೆ ಕೊಟ್ಟರು.

"ಇದನ್ನ ಆ ಯಂತ್ರಕ್ಕೆ ಸೇರಿಸೋಕಾಗುತ್ತಾ?"

ಅವಳು ಸೇರಿಸಿದಳು. ಅವರು ಇಳಿದು, ಅವಳನ್ನು ತಮ್ಮ ಸೀಟಿನಲ್ಲಿ ಕೂರಿಸಿದರು.

"ಈ ಸಲ ನಾನು ಗಾಡಿಯಲ್ಲಿರಲ್ಲ ಮಗಳೇ," ಎಂದು ಬಾಗಿಲು ಮುಚ್ಚಿ, ಮಾವನ ತೋಳು ಹಿಡಿದು ಬೀದಿಯ ಕೊನೆಯವರೆಗೂ ಕರೆದುಕೊಂಡು ಹೋದರು.

ಅವಳು ಅವನ ನಂಬರು ತೆಗೆದು ಹಸಿರು ಗುಂಡಿ ಒತ್ತಿದಳು. ಮೈಕು ಮೇಲಿತ್ತು. ಅವನ ಎತ್ತರಕ್ಕೆ ಹಾಕಿದ್ದಲ್ಲವೇ. ಅವಳು ಕತ್ತು ಚಾಚಿ ಕೂತಳು.

"ಅಪ್ಪಾ, ಗಾಡಿ ಕೊಟ್ಟಾಯ್ತಾ?"

ಅದೇ ದನಿ. ಕಾರಿನ ತುಂಬಾ. ಸೊರಗಿತ್ತು. ಹಿಂದೆ ಎಲ್ಲೋ ಒಂದು ಕರು ಕೂಗುತ್ತಿತ್ತು.

ಒಂದು ಕ್ಷಣ... ಎರಡು ಕ್ಷಣ...

"ಬೆಳಿಗ್ಗೆ ಏನು ತಿಂದ್ರಿ?"

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು.

"ಏನೂ ಇಲ್ಲ," ಎಂದ ಕೊನೆಗೆ. "ಗುಬ್ಬಿ... ನೀನಾ?"

ಅವಳು ಎಲ್ಲವನ್ನೂ ಹೇಳಿದಳು. ಕೀ, ಅಪ್ಪ, ಇಂಜಿನ್, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಕಂಡ ಬೂಟುಗಳು. ತಡವರಿಸಿದಳು, ಅತ್ತಳು, ಮತ್ತೆ ಮುಂದುವರಿಸಿದಳು.

"ನಾಲ್ಕು ಸಲ ಹಲೋ ಅಂದೆ," ಎಂದ.

"ನನಗೆ ಇಂಜಿನ್ ಮಾತ್ರ ಕೇಳಿಸ್ತು."

"ದಿನಾ ಗಾಡಿಯಿಂದ ಮಾತಾಡ್ತೀನಿ, ಇದೊಂದು ಮಾತನ್ನ ಫೋನು ಕೈಯಲ್ಲಿ ಹಿಡ್ಕೊಂಡೇ ಕೇಳ್ಬೇಕು ಅಂದ್ಕೊಂಡಿದ್ದೆ ಅವತ್ತು." ಅವನು ಮೂಗೆಳೆದುಕೊಂಡ. "ಇನ್ನೂ ಸಹಿ ಹಾಕಿಲ್ಲ. ಅಪ್ಪನಿಗೆ ಹೇಳು, ಗಾಡಿ ಮಾರೋದು ಬೇಡ."

ಅವಳು ಕಣ್ಣೊರೆಸಿಕೊಂಡು ಗಾಜಿನಾಚೆ ನೋಡಿದಳು. ಬೀದಿಯ ಕೊನೆಯಲ್ಲಿ ಇಬ್ಬರು ಹಿರಿಯರು ಈ ಕಡೆಗೆ ಬೆನ್ನು ಹಾಕಿ ನಿಂತಿದ್ದರು.

"ಅವತ್ತು ಏನು ಹೇಳಿದ್ದೆ?" ಎಂದ ಅವನು.

ಅವಳು ಮೈಕಿನ ಕಡೆಗೆ ಇನ್ನಷ್ಟು ಚಾಚಿಕೊಂಡಳು.

"ನನಗೆ ನೀವು ಬೇಕು ಅಂದಿದ್ದೆ."

ಕರು ಮತ್ತೆ ಕೂಗಿತು. ಅವನ ಉಸಿರು ಕೇಳಿಸಿತು. ಈ ಸಲ ಅದು ಅವನದೇ ಉಸಿರು.

"ಇನ್ನೊಂದ್ಸಲ ಹೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು... ಅದಕ್ಕೇ."