ಮುನಿಸಿಕೊಂಡ ಬಾಗಿಲು

“ಇನ್ನೂ ಸ್ವಲ್ಪ ಜೋರಾಗಿ ಎಳೀರಿ ಸಾರ್!” ಎಂದರು ಗಂಗಾಧರಯ್ಯ.

ಕಾರು ನೋಡಲು ಬಂದಿದ್ದ ಬದರಿನಾಥ ಅಂಕಲ್ ಬಾಗಿಲಿನ ಹಿಡಿ ಹಿಡಿದು ಎಳೆದರು. ಇಡೀ ಕಾರು ಅಲ್ಲಾಡಿತು. ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ.

ಗಂಗಾಧರಯ್ಯನವರ ಮೊಮ್ಮಗಳು ಅರ್ಪಿತ ಶೆಡ್ಡಿನ ಮೂಲೆಯಲ್ಲಿ ಸಮಾಜ ವಿಜ್ಞಾನದ ಪುಸ್ತಕ ಅವಚಿಕೊಂಡು ನಿಂತಿದ್ದಳು. ಆ ಬಾಗಿಲು ಹೇಗೆ ತೆರೆಯುತ್ತದೆ ಅಂತ ಇಡೀ ಜರಗನಹಳ್ಳಿಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಯಾರಾದರೂ ಕೇಳಿದರೆ ತಾನೇ ಹೇಳೋದು!

ಅದು ಇಂಗ್ಲೆಂಡಿನಲ್ಲಿ ಮಾಡಿದ ಹಳೇ ಕಾರು. ಉದ್ದನೆಯ ಮೂತಿ, ಎರಡೇ ಬಾಗಿಲು, ಕಡು ಹಸಿರು ಬಣ್ಣ. ದೂರದೂರಿಗೆ ಜುಮ್ಮಂತ ಹೋಗಲೆಂದೇ ಮಾಡಿದ್ದಂತೆ. ತಾತ ಅದನ್ನು ಕೊಂಡಾಗ ಅಪ್ಪನಿಗೆ ಇನ್ನೂ ಹಲ್ಲು ಬಂದಿರಲಿಲ್ಲವಂತೆ. ಆದರೆ ಅರ್ಪಿತ ಹುಟ್ಟಿದ ಮೇಲೆ ಅದು ಗೇಟಿನವರೆಗೂ ಹೋಗಿಲ್ಲ. ಈಗ ಶೆಡ್ ಕೆಡವಿ ಅಂಗಡಿ ಕಟ್ಟಬೇಕು, ಕಾರು ಮಾರಬೇಕು. ಆನ್‌ಲೈನಿನಲ್ಲಿ ಫೋಟೋ ಹಾಕಿಸಿದ ಮೂರನೇ ದಿನಕ್ಕೇ ಜಯನಗರದಿಂದ ಈ ಅಂಕಲ್ ಬಂದಿದ್ದರು.

ಕಾರು ಹೋದರೆ ಅರ್ಪಿತ ಎಲ್ಲಿ ಓದಬೇಕು? ಮನೆಯೊಳಗೆ ಅಜ್ಜಿಯ ಸೀರಿಯಲ್, ತಮ್ಮನ ಗಲಾಟೆ, ಮೇಲಿನ ಬಾಡಿಗೆಯವರ ಮಿಕ್ಸಿ. ಆರನೇ ಕ್ಲಾಸಿನ ಪಾಠವನ್ನೆಲ್ಲ ಅವಳು ಓದಿದ್ದು ಈ ಕಾರಿನ ಡ್ರೈವರ್ ಸೀಟಿನಲ್ಲಿ. ಅದು ಯಾರಿಗೂ ಗೊತ್ತಿರಲಿಲ್ಲ.

ಅಂಕಲ್ ಕಾರು ಬೇಡ ಅಂದುಬಿಡಲಿ ಅಂತ ಅವಳು ಶುರು ಹಚ್ಚಿಕೊಂಡಳು.

“ಅಂಕಲ್, ಅದರ ಹಾರ್ನ್ ಕೆಲ್ಸ ಮಾಡಲ್ಲ.”

“ಹೌದಾ ಮರಿ? ಹೊಸದು ಹಾಕ್ಸಿಲ್ಲ ತಾನೇ? ಸದ್ಯ!”

“ಗಡಿಯಾರ ನಿಂತೋಗಿದೆ.”

“ಅಯ್ಯೋ, ಅದೇ ಹಳೇ ಗಡಿಯಾರ ಇನ್ನೂ ಇದ್ಯಾ! ಭೇಷ್!”

“ವೈರೆಲ್ಲಾ ಇಲಿ ತಿಂದಿದೆ!”

“ಪಾಪ, ಅದಕ್ಕೂ ಹೊಟ್ಟೆ ಇದೆಯಲ್ಲ.”

ಇದೆಂಥಾ ಮನುಷ್ಯನಪ್ಪಾ! ಅರ್ಪಿತಳಿಗೆ ಅಳುವೇ ಬಂತು.

“ಏಯ್, ಅಧಿಕಪ್ರಸಂಗ ಸಾಕು,” ಎಂದು ತಾತ ಗದರಿದರು. ಬಾಗಿಲು ತೆರೆಯದೆ ಅವರಿಗೆ ನಾಚಿಕೆಯಾಗಿತ್ತು. ಆ ಕಡೆಯ ಬಾಗಿಲಂತೂ ಗೋಡೆಗೇ ಒತ್ತಿಕೊಂಡಿತ್ತು. “ಸಾರ್, ವೆಲ್ಡಿಂಗ್ ಭೀಮೇಶನ್ನ ಕರೀತೀನಿ. ಐದೇ ನಿಮಿಷದಲ್ಲಿ ಲಾಕ್ ಕಟ್ ಮಾಡ್ತಾನೆ.”

ಅರ್ಪಿತ ಮೂಲೆಯಿಂದ ಮುಂದೆ ಬಂದಳು.

“ಬೇಡ ಬೇಡ!” ಅಂಕಲ್ ಬಾಗಿಲಿಗೆ ಅಡ್ಡ ನಿಂತೇಬಿಟ್ಟರು. “ಅದಕ್ಕೆ ಪೆಟ್ಟಾಗೋದು ಬೇಡ ಗಂಗಾಧರಯ್ಯನೋರೇ.”

ಅವರು ಬಗ್ಗಿ ಗಾಜಿನೊಳಗೆ ಇಣುಕಿದರು. ಸೀಟಿನ ಮೇಲೆ ಜಾಮಿಟ್ರಿ ಬಾಕ್ಸ್ ಇತ್ತು. ಪಕ್ಕದಲ್ಲಿ ಅರ್ಧ ಕಚ್ಚಿದ ನಿಪ್ಪಟ್ಟು.

ಅಂಕಲ್ ತಿರುಗಿ ಅರ್ಪಿತಳನ್ನು ನೋಡಿದರು. ಅವಳ ಕೈಯಲ್ಲಿದ್ದ ಪುಸ್ತಕವನ್ನೂ ನೋಡಿದರು. ಮುಗೀತು ಕತೆ, ಈಗ ತಾತನಿಗೆ ಹೇಳಿಬಿಡ್ತಾರೆ!

ಆದರೆ ಅಂಕಲ್ ಬಾಗಿಲನ್ನು ಮೆಲ್ಲಗೆ ತಟ್ಟಿದರು.

“ಇವತ್ತು ಅದಕ್ಕೆ ಮನಸ್ಸಿಲ್ಲ ಅಂತ ಕಾಣತ್ತೆ,” ಎಂದರು. “ನಾಳೆ ಬರ್ತೀನಿ. ಬೇಕಾದ್ರೆ ನಾಳಿದ್ದೂ ಬರ್ತೀನಿ. ಬಲವಂತ ಬೇಡ.”

ಅವರು ಗೇಟಿನ ಕಡೆ ಹೊರಟರು. ಸುಮ್ಮನಿದ್ದಿದ್ದರೆ ಅರ್ಪಿತಳಿಗೆ ಇನ್ನೊಂದು ದಿನವಾದರೂ ಕಾರು ಸಿಗುತ್ತಿತ್ತು. ಆದರೆ ಅವಳಿಗೆ ತಡೆಯಲಾಗಲಿಲ್ಲ.

“ಅಂಕಲ್! ಅದನ್ನ ಎಳೀಬಾರ್ದು. ಮೊದ್ಲು ಒಳಕ್ಕೆ ತಳ್ಬೇಕು. ಆಮೇಲೆ ಹಿಡಿ ಮೇಲಕ್ಕೆತ್ತಿ, ಕೆಳಗಡೆ ಮಂಡೀಲಿ ಮೆತ್ತಗೆ ಒಂದು ಗುದ್ದು.”

ಹೇಳುತ್ತಲೇ ಮಾಡಿ ತೋರಿಸಿದಳು. ಬಾಗಿಲು ಟಕ್ಕಂತ ತೆರೆಯಿತು.

“ಎಲಾ ಇವಳಾ!” ತಾತ ಬಾಯಿ ಬಿಟ್ಟುಕೊಂಡು ನಿಂತರು.

ಅಂಕಲ್ ತಕ್ಷಣ ಒಳಗೆ ಹೋಗಲಿಲ್ಲ. “ಕೂತ್ಕೊಳ್ಲಾ?” ಅಂತ ಅರ್ಪಿತಳನ್ನೇ ಕೇಳಿದರು.

ಅವಳು ಜಾಮಿಟ್ರಿ ಬಾಕ್ಸನ್ನೂ ನಿಪ್ಪಟ್ಟನ್ನೂ ಎತ್ತಿಕೊಂಡು ಸೀಟಿನ ಮೇಲಿನ ಪುಡಿ ಕೊಡವಿದಳು. “ಹಾಕುವಾಗ್ಲೂ ಸ್ವಲ್ಪ ಎತ್ತಿ ಹಾಕಿ ಅಂಕಲ್. ಇಲ್ಲಾಂದ್ರೆ ಮುನಿಸ್ಕೊಳತ್ತೆ.”

ಅಂಕಲ್ ಹಾಗೆಯೇ ಬಾಗಿಲು ಹಾಕಿಕೊಂಡರು. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಎದುರಿಗೆ ನೋಡಿದರು.

ಅರ್ಪಿತ ಯಾವಾಗಲೂ ಒಳಗೆ ಕೂತು ಶೆಡ್ಡನ್ನು ನೋಡಿದವಳು. ಬೇರೆ ಯಾರೋ ಕೂತಿರುವಾಗ ಕಾರನ್ನು ಹೊರಗಿಂದ ನೋಡಿದ್ದು ಇದೇ ಮೊದಲು. ಅದು ಎಲ್ಲಿಗೋ ಹೊರಟ ಹಾಗೆ ಕಾಣುತ್ತಿತ್ತು.

ಆಮೇಲೆ ನೋಡಿಕೊಂಡರೆ, ಅವಳು ನಿಂತಿದ್ದದ್ದು ಸರಿಯಾಗಿ ಕಾರಿನ ಮೂತಿಯ ಎದುರಿಗೇ. ಪುಸ್ತಕ ಗಟ್ಟಿಯಾಗಿ ಹಿಡಿದುಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು.