ಹೆಸರು ತಪ್ಪಿದ ಹಾಡು

"ಈ ಸೀಡಿಗೆ ಹೆಸರು ಹಾಕಿದ್ದು ಯಾರ್ರಿ?"

ಅಂಗಡಿಯ ಗಾಜಿನ ಬಾಗಿಲು ದೂಡಿಕೊಂಡು ಬಂದವನ ಅಬ್ಬರಕ್ಕೆ ಕ್ಯಾಸೆಟ್ ಆರಿಸುತ್ತಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ದಾಕ್ಷಾಯಣಿ ಮಾತ್ರ ತಿರುಗಲಿಲ್ಲ.

"ರೀ, ನಿಮ್ಮನ್ನೇ ಕೇಳ್ತಿರೋದು! ಕಿವಿ ಕೇಳ್ಸಲ್ವಾ?"

ಮಾಲೀಕ ಲಿಂಗಣ್ಣ ಎದ್ದು ಬಂದು ಅವಳ ಮೇಜು ತಟ್ಟಿದ. ದಾಕ್ಷಾಯಣಿ ಬೆಚ್ಚಿ ಹೆಡ್‌ಫೋನ್ ತೆಗೆದಳು. ಎದುರಿಗೆ ಎತ್ತರದ ಆಳು, ಬೆವರಿಗೆ ಅಂಟಿದ ಅಂಗಿ. ಕೂದಲಲ್ಲಿ ಮದುವೆಯ ಅಕ್ಷತೆ ಕಾಳು ಇನ್ನೂ ಸಿಕ್ಕಿಕೊಂಡಿತ್ತು. ಕಣ್ಣಲ್ಲಿ ಮಾತ್ರ ಬೆಂಕಿ!

"ಆರನೇ ಹಾಡು ಸೋಬಾನೆ ಅಂತ ಬರ್ದೀರಿ. ತಾಳಿ ಕಟ್ಟೋ ಹೊತ್ತಿಗೆ ಸರಿಯಾಗಿ ಹಾಕಿದೆ. ಏನು ಬಂತು ಗೊತ್ತಾ? ಸತ್ತ ಮಗಳನ್ನ ನೆನೆಸ್ಕೊಂಡು ತಾಯಿ ಅಳೋ ಹಾಡು! ನಾನು ಓಡಿ ಬಂದು ಬಂದ್ ಮಾಡೋದ್ರೊಳಗೆ ಎರಡು ಸಾಲು ಆಗಿಹೋಗಿತ್ತು…"

ಅವನು ಹಣೆಯ ಬೆವರು ಒರೆಸಿಕೊಂಡ.

"ಹುಡುಗಿ ತಾಯಿ ಮಂಟಪದಾಗೇ ಕುಸಿದು ಕೂತ್ರು. ಆ ಯಮ್ಮನ ದೊಡ್ಡ ಮಗಳು ತೀರ್ಕೊಂಡು ಇನ್ನೂ ವರ್ಷ ಆಗಿಲ್ಲ ರೀ…"

ದಾಕ್ಷಾಯಣಿ ಎದ್ದು ನಿಂತಳು.

"ತಪ್ಪು ನಂದೇ ರೀ."

ಅಷ್ಟೇ. ನೆಪ ಹೇಳಲಿಲ್ಲ, ವಾದ ಮಾಡಲಿಲ್ಲ. ಜಗಳಕ್ಕೆಂದೇ ಹರಿಹರದಿಂದ ಬಸ್ಸು ಹತ್ತಿ ಬಂದಿದ್ದ ಮೈಕ್‌ಸೆಟ್ಟಿನ ಬಕ್ಕೇಶ ಅವಳ ಕಣ್ಣಲ್ಲಿ ತುಂಬಿಕೊಂಡ ನೀರನ್ನು ಒಂದು ಕ್ಷಣ ನೋಡಿದ. ಸೀಡಿಯನ್ನು ಮೇಜಿನ ಮೇಲೆ ಇಟ್ಟು ಹೊರಟುಹೋದ.

"ಹೋಗ್ಲಿ ಬಿಡಮ್ಮ," ಅಂದ ಲಿಂಗಣ್ಣ. "ಅವನು ತಂದಿದ್ದ ಸೀಡಿಗೆ ಹೆಸರಿನ ಕವರೇ ಇರ್ಲಿಲ್ಲ. ಯಾರಿಗಾದ್ರೂ ತಪ್ಪಾಗುತ್ತೆ."

ದಾಕ್ಷಾಯಣಿಗೆ ಗೊತ್ತಿತ್ತು… ಯಾರಿಗಾದರೂ ಆಗುವ ತಪ್ಪು ಅದಾಗಿರಲಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿ. ದಾವಣಗೆರೆಯ ಅಶೋಕ ರಸ್ತೆಯಲ್ಲಿ ಕ್ಯಾಸೆಟ್ ಮಾರುತ್ತಿದ್ದ ಲಿಂಗಣ್ಣ ಆ ವರ್ಷ ಕಂಪ್ಯೂಟರ್ ತಂದಿದ್ದ. ಗಿರಾಕಿಗಳು ತಮ್ಮ ಸೀಡಿಗಳನ್ನು ತಂದುಕೊಟ್ಟರೆ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಬೇಕಾದವನ್ನು ಆರಿಸಿ, ಒಂದೇ ಸೀಡಿ ಮಾಡಿಕೊಡುವ ಕೆಲಸ. ಬಿ.ಕಾಂ. ಮುಗಿಸಿ, ಕಂಪ್ಯೂಟರ್ ಕೋರ್ಸ್ ಮಾಡಿಕೊಂಡಿದ್ದ ದಾಕ್ಷಾಯಣಿ ಅದಕ್ಕೆ ಸೇರಿದ್ದಳು.

ಇಳಿಸುವುದು ಸುಲಭ. ಕಷ್ಟವಿದ್ದದ್ದು ಹೆಸರಿನಲ್ಲಿ. ಕಂಪ್ಯೂಟರಿಗೆ ಹಾಡಿನ ಹೆಸರು ಗೊತ್ತಿರುವುದಿಲ್ಲ, ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತ ಬರೆದುಕೊಂಡು ಹೋಗುತ್ತದೆ. ಫೋನಿನ ಲೈನಿನಲ್ಲಿ ಇಂಟರ್‌ನೆಟ್ ಸಿಕ್ಕಿದ ದಿನ ಕಂಪ್ಯೂಟರೇ ಹೆಸರು ಹುಡುಕಿ ತರುವುದೂ ಇತ್ತು. ಒಮ್ಮೆ ನಮ್ಮ ಕಡೆಯ ಬೀಸುವ ಪದಗಳಿಗೆ ಯಾವುದೋ ಜರ್ಮನ್ ಬ್ಯಾಂಡಿನ ಹೆಸರುಗಳನ್ನು ತಂದು ಅಂಟಿಸಿತ್ತು! ಹಾಗಾಗಿ ಪ್ರತಿಯೊಂದು ಹಾಡನ್ನೂ ಕಿವಿಗೊಟ್ಟು ಕೇಳಿ, ಪದ ಗುರುತು ಹಿಡಿದು, ಸರಿಯಾದ ಹೆಸರು ಟೈಪ್ ಮಾಡಬೇಕಿತ್ತು.

ಕೇಳಿ… ಅಲ್ಲೇ ಇತ್ತು ಅವಳ ಗುಟ್ಟು.

ದಾಕ್ಷಾಯಣಿಗೆ ಕಿವಿ ಹೋಗುತ್ತಿತ್ತು. ಮೊದಲು ಕೊಳಲು ಮಾಯವಾಯಿತು. ಆಮೇಲೆ ಹೆಣ್ಣುದನಿಗಳು ನೀರೊಳಗಿಂದ ಹಾಡಿದ ಹಾಗೆ ಕಲಸಿಹೋದವು. ಡೋಲು ಕೇಳುತ್ತಿತ್ತು, ಗಂಡಸರ ದಪ್ಪ ದನಿ ಕೇಳುತ್ತಿತ್ತು. ಬಕ್ಕೇಶನ ಸೀಡಿಯ ಆರನೇ ಹಾಡೂ ಏಳನೇ ಹಾಡೂ ಒಬ್ಬಳೇ ಹಾಡಿದ್ದು, ಎರಡಕ್ಕೂ ಒಂದೇ ಥರದ ವಾದ್ಯ. ಪದ ಹಿಡಿಯಲಾಗದೆ ಅವಳು ಊಹೆಯ ಮೇಲೆ ಹೆಸರು ಹಾಕಿದ್ದಳು.

ಕಿವಿ ಡಾಕ್ಟರು ಯಂತ್ರದಲ್ಲಿ ನೋಡಿ ತಲೆಯಾಡಿಸಿದ್ದರು. "ನರದ ತೊಂದರೆ ಇದು. ಆಪರೇಷನ್‌ಗೆ ಬಗ್ಗಲ್ಲ. ಮಿಷನ್ ಹಾಕ್ಕೊಂಡ್ರೆ ಸ್ವಲ್ಪ ದಿನ ನಡೆಯುತ್ತೆ. ವರ್ಷವೋ, ಒಂದೂವರೆ ವರ್ಷವೋ…"

ಹೊರಗೆ ಬಂದ ಕೂಡಲೇ ತಾಯಿ ಅಕ್ಕನಾಗಮ್ಮ ಮಗಳ ಕೈ ಗಟ್ಟಿಯಾಗಿ ಹಿಡಿದಿದ್ದಳು.

"ಮಿಷನ್ನು ಬ್ಯಾಡ ತಾಯಿ. ಕಿವಿಯಾಗೆ ಅದು ಕಂಡ್ರೆ ಯಾವ ಗಂಡೂ ಬರಲ್ಲ. ಮದುವೆ ಆಗೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ."

*ಕಟ್ಟಿಕೊಂಡವನಿಗೆ ಮೋಸ ಮಾಡಿ ಬಾಳೋದು ಹೆಂಗವ್ವ?* ಅಂತ ಕೇಳಬೇಕೆನಿಸಿತ್ತು. ತಾಯಿಯ ಮುಖ ನೋಡಿ ಹ್ಞೂಂ ಅಂದಿದ್ದಳು.

ಮುಂದಿನ ವಾರ ಬಕ್ಕೇಶ ಮತ್ತೆ ಬಂದ! ಈ ಸಲ ಕೈಯಲ್ಲಿ ಮಂಡಕ್ಕಿ-ಮೆಣಸಿನಕಾಯಿಯ ಪೊಟ್ಟಣ.

"ಅವತ್ತು ಸಿಟ್ಟಿನಾಗೆ ಏನೇನೋ ಅಂದ್ಬಿಟ್ಟೆ. ತಪ್ಪಾಯ್ತು ಮೇಡಂ."

"ನೀವ್ಯಾಕೆ ತಪ್ಪಾಯ್ತು ಅಂತೀರಿ? ಮದುವೆ ಕೆಡಿಸಿದ್ದು ನಾನು."

"ಮದುವೆ ಏನೂ ಕೆಡ್ಲಿಲ್ಲ ಬಿಡ್ರಿ. ಗಂಡಿನ ಅಪ್ಪನೇ ಹೋಗಿ ಆ ಯಮ್ಮನ್ನ ಎಬ್ಬಿಸಿ ಕೂರಿಸಿದ್ರು. ಆದ್ರೆ ನನ್ನನ್ನ ಇನ್ನು ಆ ಮನೆಗೆ ಕರೆಯಲ್ಲ," ಅಂದು ನಕ್ಕ.

ಆ ನಗುವಿನಲ್ಲಿ ನೋವಿತ್ತು. ಹರಿಹರದಲ್ಲಿ ಅವನದೇ ಮೈಕ್‌ಸೆಟ್ಟು. ಮದುವೆ, ಗೃಹಪ್ರವೇಶ, ಶಾಲೆಯ ಕಾರ್ಯಕ್ರಮ, ಎಲ್ಲಕ್ಕೂ ಅವನೇ. ತನ್ನ ಹತ್ತಿರವಿದ್ದ ಸೀಡಿಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬಂದಿದ್ದ.

"ಇವನ್ನೆಲ್ಲ ಇಳಿಸಿ ಹೆಸರು ಹಾಕ್ಬೇಕು. ಈ ಸಲ ನಾನೂ ಪಕ್ಕದಾಗೆ ಕೂಡ್ತೀನಿ. ನಾನು ಹೇಳ್ತಾ ಹೋಗ್ತೀನಿ, ನೀವು ಟೈಪ್ ಮಾಡ್ರಿ. ತಪ್ಪಾದ್ರೆ ಇಬ್ರದೂ ತಪ್ಪು!"

ಹೀಗೆ ಶುರುವಾಯಿತು. ಮದುವೆಗಳಿಲ್ಲದ ದಿನ ಮಧ್ಯಾಹ್ನ ಅವನು ಬರುತ್ತಿದ್ದ. ಹೆಡ್‌ಫೋನ್ ಅವನ ಕಿವಿಗೆ. ಕಣ್ಣು ಮುಚ್ಚಿ ಒಂದೆರಡು ಸಾಲು ಕೇಳಿ, ಅವಳ ಕಡೆ ತಿರುಗಿ ಹೆಸರು ಹೇಳುತ್ತಿದ್ದ. ಅವಳು ಅವನ ತುಟಿ ನೋಡುತ್ತ ಟೈಪ್ ಮಾಡುತ್ತಿದ್ದಳು.

ಅವನ ದನಿ ಮಾತ್ರ ಅವಳಿಗೆ ಕೇಳುತ್ತಿತ್ತು… ಎದೆಯೊಳಗಿಂದ ಬರುವ, ಆಳವಾದ ದನಿ. ಜಗತ್ತಿನ ಶಬ್ದಗಳೆಲ್ಲ ಒಂದೊಂದಾಗಿ ಎದ್ದು ಹೋಗುತ್ತಿರುವಾಗ ಈ ಒಂದು ದನಿ ಹತ್ತಿರ ಬಂದು ಕೂತಿತ್ತು.

*ಇದೂ ಹೋಗುತ್ತೆ ದಾಕ್ಷಾಯಣಿ. ಆಸೆ ಇಟ್ಕೊಳ್ಬ್ಯಾಡ…*

ಆಸೆ ಹೇಳಿದ ಮಾತು ಕೇಳುತ್ತದೆಯೇ?

"ನಾನು ಮಾತಾಡುವಾಗ ಎಷ್ಟು ಗಮನ ಇಟ್ಟು ನೋಡ್ತೀರಿ!" ಅಂದಿದ್ದ ಒಮ್ಮೆ. "ನನ್ನ ಮಾತನ್ನ ಇಷ್ಟು ಚೆನ್ನಾಗಿ ಯಾರೂ ಕೇಳಿಲ್ಲ."

ಅವತ್ತೇ ಹೇಳಿಬಿಡಬೇಕಿತ್ತು. ಹೇಳಿದರೆ ನಾಳೆ ಅವನು ಬರದಿದ್ದರೆ? ಇನ್ನೊಂದು ದಿನ… ಇನ್ನೊಂದೇ ದಿನ ಅಂತ ಮುಂದಕ್ಕೆ ಹಾಕಿದಳು.

ಚೀಲದ ಕೊನೆಯ ಸೀಡಿ ಮುಗಿದ ದಿನ ಅದು. ಲಿಂಗಣ್ಣ ಊಟಕ್ಕೆ ಹೋಗಿದ್ದ. ಹೊಸ ಸೀಡಿ ಬರೆಯಲು ಹಾಕಿ ದಾಕ್ಷಾಯಣಿ ಪರದೆಯ ಮೇಲೆ ಕಣ್ಣು ನೆಟ್ಟು ಹೆಸರಿನ ಪಟ್ಟಿ ಟೈಪ್ ಮಾಡುತ್ತಿದ್ದಳು. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಬಕ್ಕೇಶ ಎದ್ದು ಚೀಲ ಹೆಗಲಿಗೇರಿಸಿದ. ಬಾಗಿಲ ತನಕ ಹೋದವನು ನಿಂತ. ಅವಳ ಬೆನ್ನಿಗೆ ಮುಖ ಮಾಡಿ, ಮೆಲ್ಲಗೆ ಹೇಳಿದ.

"ದಾಕ್ಷಾಯಣಿ ಅವ್ರೇ… ನನ್ನ ಮದುವೆ ಆಗ್ತೀರಾ?"

ಅವಳು ತಿರುಗಲಿಲ್ಲ.

ಅವನು ಕಾದ. ಅವಳ ಬೆರಳು ಕೀಲಿಗಳ ಮೇಲೆ ಓಡುತ್ತಲೇ ಇತ್ತು.

"ಇಷ್ಟ ಇಲ್ಲ ಅಂದ್ರೆ ಇಲ್ಲ ಅಂತ ಒಂದು ಮಾತು ಹೇಳ್ರಿ. ಬೇಜಾರು ಮಾಡ್ಕೊಳ್ಳಲ್ಲ."

ಇಲ್ಲ. ಆ ಮಾತೂ ಬರಲಿಲ್ಲ. ಬಕ್ಕೇಶ ತಲೆ ತಗ್ಗಿಸಿ ಹೊರನಡೆದ. ಸೀಡಿ ಬರೆದು ಮುಗಿದ ಮೇಲೆ ದಾಕ್ಷಾಯಣಿ ನಗುತ್ತ ಹಿಂತಿರುಗಿದಳು. ಕುರ್ಚಿ ಖಾಲಿ ಇತ್ತು!

*ಹೇಳದೇ ಹೋದ್ರಾ?*

ಆಮೇಲೆ ಅವನು ಬರಲೇ ಇಲ್ಲ. ಬಾಗಿಲು ಸರಿದಾಗಲೆಲ್ಲ ಅವಳು ತಲೆಯೆತ್ತುತ್ತಿದ್ದಳು. ಒಂದು ದಿನ ಲಿಂಗಣ್ಣನನ್ನೇ ಕೇಳಿದಳು.

"ಅವ್ನಾ? ಈಗ ಬ್ಯಾರೆ ಕಡೆ ಸೀಡಿ ಮಾಡಿಸ್ತಾನಂತೆ. ಯಾಕೋ ಏನೋ…"

*ಕೆಲಸ ಮುಗೀತು, ಹೋದರು. ನಾನೇ ಏನೇನೋ ಅಂದ್ಕೊಂಡೆ.* ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರು ಬೀಳುವ ಸದ್ದೂ ಅವಳಿಗೆ ಕೇಳಲಿಲ್ಲ.

ಪಕ್ಕದಲ್ಲಿ ಅವನಿಲ್ಲದ ಮೇಲೆ ಹೆಸರುಗಳು ಮತ್ತೆ ತಪ್ಪತೊಡಗಿದವು. ನೃತ್ಯ ಕಲಿಸುವ ಟೀಚರ್ ಒಬ್ಬರು ಸೀಡಿ ವಾಪಸು ತಂದರು. ಅದರ ಮುಂದಿನ ವಾರ ಇನ್ನೊಬ್ಬರು. ಲಿಂಗಣ್ಣ ಬೈಯಲಿಲ್ಲ. ಒಂದು ಬೆಳಿಗ್ಗೆ ಅವಳು ಹೆಡ್‌ಫೋನ್ ತೆಗೆದಿಟ್ಟು ಕೆಲಸದಲ್ಲಿದ್ದಾಗ ಹಿಂದೆ ಬಂದು ನಿಂತು, ಖಾಲಿ ಸೀಡಿ ಡಬ್ಬಿಗಳ ರಾಶಿಯನ್ನೇ ನೆಲಕ್ಕೆ ಕೆಡವಿದ. ಬೀದಿಯಲ್ಲಿ ಹೋಗುವವರೂ ನಿಂತು ನೋಡಿದರು. ದಾಕ್ಷಾಯಣಿ ಹಾಡಿನ ಹೆಸರು ಟೈಪ್ ಮಾಡುತ್ತಲೇ ಇದ್ದಳು.

ಅವನು ಅವಳೆದುರು ಬಂದು ಕೂತಾಗ ಅವನ ಕಣ್ಣು ಒದ್ದೆಯಾಗಿತ್ತು.

"ಎಷ್ಟು ದಿನದಿಂದ ತಾಯಿ?"

ದಾಕ್ಷಾಯಣಿ ಕೀಬೋರ್ಡನ್ನು ಹಿಂದಕ್ಕೆ ಸರಿಸಿದಳು.

"ಬ್ಯಾರೆ ಅಂಗಡಿ ಆಗಿದ್ರೆ ಇಟ್ಕೊಳ್ತಿದ್ದೆ. ಇದು ಹಾಡಿನ ಅಂಗಡಿ. ನಾನೇನು ಮಾಡ್ಲಿ ಹೇಳು…"

"ನೀವೇನು ಮಾಡೋಕಾಗುತ್ತೆ ಅಣ್ಣ," ಅಂದಳು ದಾಕ್ಷಾಯಣಿ. ಕಂಪ್ಯೂಟರ್ ಬಂದ್ ಮಾಡಿ, ಅದಕ್ಕೆ ಹೊದಿಕೆ ಹಾಕಿ ಎದ್ದಳು.

ಮನೆಯಲ್ಲಿ ಕೂತ ದಿನಗಳು ಉದ್ದವಾದವು. ನೋಡಲು ಬಂದ ಒಂದು ಗಂಡಿನ ಕಡೆಯವರು ಕೇಳಿದ ಪ್ರಶ್ನೆಗೆ ಅವಳು ಬೇರೇನೋ ಉತ್ತರ ಕೊಟ್ಟಳು. ಅವರು ಮುಖ ಮುಖ ನೋಡಿಕೊಂಡು ಎದ್ದುಹೋದರು. ಅಕ್ಕನಾಗಮ್ಮ ಮುಸುಮುಸು ಅತ್ತಳು. ದಾಕ್ಷಾಯಣಿಗೆ ಅಳು ಬರಲಿಲ್ಲ. ಇನ್ನು ಬಚ್ಚಿಡಲು ಏನೂ ಉಳಿದಿಲ್ಲ ಅನಿಸಿ ಒಂಥರಾ ಹಗುರವೂ ಆಯಿತು.

*ಬಕ್ಕೇಶ ಅವರಿಗೆ ಒಂದು ಮಾತು ಹೇಳಿಬರಬೇಕು. ನಾನು ಬೇಜವಾಬ್ದಾರಿಯಿಂದ ಆ ಹೆಸರು ಹಾಕಿದೆ ಅಂತ ಅವರು ಅಂದ್ಕೊಂಡಿರೋದು ಬ್ಯಾಡ. ಅಷ್ಟು ಸಾಕು.*

ಮರುದಿನ ಹರಿಹರದ ಬಸ್ಸು ಹತ್ತಿದಳು.

ಹೊಳೆಯ ಕಡೆ ಹೋಗುವ ದಾರಿಯಲ್ಲಿ ಒಂದು ಕಲ್ಯಾಣ ಮಂಟಪ. ಮೈಕ್‌ಸೆಟ್ಟಿನವರೆಲ್ಲಿ ಅಂತ ಕೇಳಿದಾಗ ಜನ ಅಲ್ಲಿಗೇ ಕೈ ತೋರಿಸಿದ್ದರು. ನಾಳೆಯ ಮದುವೆಗೆ ಬಕ್ಕೇಶ ಏಣಿಯ ಮೇಲೆ ನಿಂತು ಸ್ಪೀಕರಿಗೆ ವೈರು ಕಟ್ಟುತ್ತಿದ್ದ. ಅವಳನ್ನು ಕಂಡವನ ಮುಖ ಬಿಗಿಯಾಯಿತು. ನಿಧಾನ ಇಳಿದುಬಂದ.

"ಏನ್ರಿ, ಇಲ್ಲೀತನಕ?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು.

"ನನಗೆ ಕಿವಿ ಕೇಳಲ್ಲ ರೀ."

ಅವನು ಕೈಯಲ್ಲಿದ್ದ ವೈರಿನ ಸುರುಳಿಯನ್ನು ಕೆಳಗಿಟ್ಟ.

"ಹೆಂಗಸರ ದನಿ ಪೂರ್ತಿ ಹೋಗೈತೆ. ಉಳಿದಿದ್ದೂ ಹೋಗ್ತಾ ಐತೆ. ಆರನೇ ಹಾಡು ನನಗೆ ಕೇಳ್ಸಿರ್ಲಿಲ್ಲ, ಊಹೆ ಮೇಲೆ ಹಾಕಿದ್ದೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ಈಗ ಕೆಲಸಾನೂ ಹೋಯ್ತು. ನಿಮಗೊಬ್ರಿಗಾದ್ರೂ ನಿಜ ಗೊತ್ತಿರ್ಲಿ ಅಂತ ಬಂದೆ. ಬರ್ತೀನಿ…"

"ನಿಲ್ರಿ!"

ಅವಳು ತಿರುಗಿ ಹೊರಟಿದ್ದಳು. ಅವನು ಓಡಿಬಂದು ಎದುರು ನಿಂತ.

"ಹಂಗಾದ್ರೆ ಅವತ್ತು… ಕೊನೇ ದಿನ, ಬಾಗಿಲ ಹತ್ರ ನಿಂತು ನಾನು ಕೇಳಿದ್ದು…"

"ಏನು ಕೇಳಿದ್ರಿ?"

ಬಕ್ಕೇಶ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಕಣ್ಣು ತುಂಬಿಬಂತು.

"ಅಯ್ಯೋ ದೇವರೇ… ನೀವು ಬೇಕಂತ ಸುಮ್ನಿದ್ರಿ ಅಂದ್ಕೊಂಡು ಇಷ್ಟು ದಿನ ಸತ್ತಂಗಿದ್ದೆನಲ್ಲ ರೀ!"

"ಏನು ಕೇಳಿದ್ರಿ, ಹೇಳ್ರಿ!"

"ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ದೆ."

ದಾಕ್ಷಾಯಣಿ ಮಂಟಪದ ಮೆಟ್ಟಿಲ ಮೇಲೆ ಕುಸಿದು ಕೂತಳು. ಬದುಕಿನಲ್ಲಿ ಒಂದೇ ಒಂದು ಸಲ ಬಂದಿದ್ದ ಮಾತು… ಅದೂ ಕೇಳಿಸದೇ ಹೋಗಿತ್ತು. ಗಂಡಿನ ಕಡೆಯವರು ಎದ್ದುಹೋದಾಗಲೂ ಬಾರದ ಅಳು ಈಗ ಬಂತು. ಅವನು ಒಂದು ಮೆಟ್ಟಿಲು ಕೆಳಗೆ, ಅವಳಿಗೆ ತನ್ನ ಮುಖ ಕಾಣುವ ಹಾಗೆ ಕೂತ.

"ಈಗ ಗೊತ್ತಾಗಿ ಏನು ಬಂತು ರೀ?" ಅಂದಳು ಸುಧಾರಿಸಿಕೊಂಡು. "ಹಾಡೇ ಕೇಳ್ಸದವಳನ್ನ ಕಟ್ಕೊಂಡು ಮೈಕ್‌ಸೆಟ್ಟಿನವರು ಏನು ಮಾಡ್ತೀರಿ? ನಿಮ್ಮ ಮನೆಯಾಗೆ ಒಪ್ತಾರಾ?"

ಅವನು ತಲೆ ಅಡ್ಡಡ್ಡ ಆಡಿಸಿದ.

"ಸುಳ್ಳು ಹೇಳಲ್ಲ. ಅವ್ವ ಒಪ್ಪಲ್ಲ. ಅಳ್ತಾಳೆ, ಊಟ ಬಿಡ್ತಾಳೆ. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ."

"ಡಾಕ್ಟರು ವಾಸಿ ಆಗಲ್ಲ ಅಂದಾರೆ."

"ಹ್ಞೂಂ."

"ವರ್ಷ ಕಳೆದ್ರೆ ನಿಮ್ಮ ದನಿನೂ ಕೇಳಲ್ಲ ನನಗೆ."

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಗುಣವಾಗುತ್ತದೆ ಅನ್ನಲು ಬಕ್ಕೇಶನಿಗೆ ಬಾಯಿ ಬರಲಿಲ್ಲ. ತಲೆಯೆತ್ತಿ ಅವಳ ಕಣ್ಣನ್ನೇ ನೋಡಿದ.

"ನಿಮಗೆ ಕೇಳೋತನಕ ನಾನು ಮಾತಾಡ್ತೀನಿ. ಆಮೇಲೆ ನೀವು ಮಾತಾಡ್ರಿ, ನಾನು ಕೇಳ್ತೀನಿ."

ಏನೂ ಸರಿಹೋಗಿರಲಿಲ್ಲ. ಮನೆಗಳೆರಡೂ ಹಾಗೇ ಇದ್ದವು, ಕಿವಿಯೂ ಹಾಗೇ ಇತ್ತು. ಆದರೂ ಅವನು ಎದುರಿಗಿದ್ದ.

"ದಾಕ್ಷಾಯಣಿ… ನನ್ನ ಮದುವೆ ಆಗ್ತೀಯಾ?"

ಅವಳು ಅವನ ತುಟಿಯನ್ನೇ ನೋಡುತ್ತ ಕೂತಳು.

"ಕೇಳಿಸ್ತಾ?" ಅಂದ ಅವನು, ಗಾಬರಿಯಿಂದ.

"ಕೇಳಿಸ್ತು," ಅಂದಳು ದಾಕ್ಷಾಯಣಿ, ಕಣ್ಣೊರೆಸಿಕೊಳ್ಳುತ್ತ. "ಇನ್ನೊಂದು ಸಲ ಹೇಳ್ರಿ."