ರತ್ನಾಗಿರಿಯ ಪುಟ್ಟ ಶಂಖ

ಡಬ್ಬಿ ತೆರೆದದ್ದೇ ತಡ, ಬಸ್ಸಿಗೆ ಕಾಯುತ್ತಿದ್ದ ಸುಜಾತಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಏನ್ ತಂದೀಯೋ ಮಾರಾಯಾ?”

ಮಾಳೇಶನ ಮುಖ ಸಣ್ಣದಾಯಿತು. ಹೋದ ವಾರ ಐಗಳಿಯಿಂದ ಲಾರಿಗೆ ಕುರಿ ಹೇರಿಕೊಂಡು ರತ್ನಾಗಿರಿಗೆ ಹೋದವನು ಹುಟ್ಟಿ ಮೊದಲ ಸಲ ಸಮುದ್ರ ಕಂಡಿದ್ದ. ಕಂಡಕೂಡಲೇ ನೆನಪಾದವಳು ಇವಳು, ಅವನ ಕ್ಲಾಸಿನಲ್ಲೇ ಓದಿ ಈಗ ಸತ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುಜಾತಾ. ಹುಡುಕಿ ಹುಡುಕಿ, ಹೆಬ್ಬೆರಳ ಉಗುರಿನಷ್ಟು ನುಣುಪಾದ ಶಂಖವೊಂದನ್ನು ಆರಿಸಿ ತಂದಿದ್ದ.

“ನಿನಗಂತ ತಂದೆ.”

ಅವಳು ಅದನ್ನು ಬಲಗೈಯಲ್ಲಿ ತಿರುಗಿಸಿ ನೋಡಿದಳು. ತುಟಿಯಂಚಿಗೆ ನಗು ಬಂತು. “ಶಂಖದ ಬಾಯಿಗೆ ಮುಚ್ಚಳ ಇತ್ತು, ನೋಡಲಿಲ್ಲೇನು? ಒಳಗ ಜೀವ ಇತ್ತು, ಸತ್ತು ನಾರಾಕತ್ತೈತಿ. ಇದು ಬ್ಯಾಟಿ ಆಡೂ ಹುಳಾ. ಬ್ಯಾರೆ ಚಿಪ್ಪಿ ತಬ್ಬಿಕೊಂಡು, ತೂತು ಕೊರದು, ಒಳಗಿಂದು ತಿಂತೈತಿ.”

“ಇಷ್ಟ ಸಣ್ಣದು? ಥೇಟ್ ನಿನ್ಹಂಗ ಬಿಡು!”

ಅವಳು ಓರೆಗಣ್ಣಿನಲ್ಲಿ ನೋಡಿದಳು. ಎಂಟನೇ ಕ್ಲಾಸಿನಿಂದಲೂ ಆ ನೋಟಕ್ಕೆ ಅವನು ಸೋಲುತ್ತಲೇ ಬಂದವನು.

“ಊರಿಗೆ ಎಂದ ಬಂದಿ?”

“ಶುಕ್ರವಾರ.”

“ಇವತ್ತ ಸೋಮವಾರ ಐತಿ.”

“ನಿನ್ನೆ ಅಮಾಸಿ ಇತ್ತಲ್ಲ. ಇಂಥಾ ಮಾತು ಅಮಾಸಿ ಮುಂದ ಆಡಬಾರದಂತ ತಡದೆ.”

ಎಂಥ ಮಾತೆಂದು ಅವಳು ಕೇಳಲಿಲ್ಲ. ನಗು ಮಾತ್ರ ಹೋಯಿತು. ಸೆರಗಿನಡಿ ಇಟ್ಟುಕೊಂಡಿದ್ದ ಎಡಗೈ ಹೊರತೆಗೆದಳು. ಬೆರಳಲ್ಲಿ ಹೊಸ ಉಂಗುರವಿತ್ತು.

“ಅಮಾಸಿ ಬರೂದರಾಗ ಮುಗಸೂಣಂತ ನಮ್ಮಪ್ಪಾನೂ ಅಂದ. ಶನಿವಾರ ಸಾಖರಪುಡಾ ಆತು, ನಿಶ್ಚಯದ ಉಂಗುರಾ ಹಾಕಿದ್ರು. ಮನಸಿನ್ಯಾಗ ಯಾರರ ಅದಾರೇನಂತ ಕೂಡ್ರಿಸಿ ಕೇಳಿದ. ಹನ್ನೆರಡು ವರ್ಷದಾಗ ನೀ ಒಂದ ಮಾತು ಆಡಿರಲಿಲ್ಲ. ಯಾರ ಹೆಸರು ಹೇಳಲಿ? ಇಲ್ಲಂದೆ.”

ಒಳ್ಳೆಯ ದಿನ ಕಾಯುತ್ತ ಕೂತವನಿಗೆ ಇದ್ದ ದಿನವೂ ಕೈತಪ್ಪಿತ್ತು. ಮಾಳೇಶ ಖಾಲಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದ.

“ಈಗ ಬ್ಯಾಡ ಅನ್ನಾಕ ಬರೂದಿಲ್ಲೇನು?”

“ಮಾತು ಕೊಟ್ಟೀನಿ. ಆ ಹುಡುಗಂದರ ಏನು ತಪ್ಪೈತಿ?”

ರಸ್ತೆಯ ಕೆಳಗೆ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಅವನು ಶಂಖಕ್ಕೆ ಕೈಚಾಚಿದ. “ತಾ, ಹೊಳಿಗೆ ಬಿಡ್ತೀನಿ. ತನ್ನ ಊರರ ಮುಟ್ಟಲಿ.”

“ಈ ಹೊಳಿ ಆ ಸಮುದ್ರಕ್ಕ ಹೋಗೂದಿಲ್ಲೋ,” ಎಂದಳು. ಕಣ್ಣು ತುಂಬಿತ್ತು. “ನೀರು ಬರತೈತಂತ ಬಾಗಲಾ ಹಾಕ್ಕೊಂಡು ಡಬ್ಬಿಯೊಳಗ ಕಾದಿರಬೇಕು, ಪಾಪ, ಈ ಹುಳಾ.”

ಅವನು ತಲೆ ತಗ್ಗಿಸಿದ.

“ಏನ್ ಕೇಳಾಂವ ಇದ್ದಿ? ಈಗರ ಹೇಳು.”

ಮಾಳೇಶ ಹೇಳಿದ. ನಾಲಿಗೆ ತೊದಲಿತು, ಆದರೂ ಒಂದನ್ನೂ ಬಿಡದೆ ಹೇಳಿದ. ಅಥಣಿಯ ಬಸ್ಸು ಬಂದು ನಿಂತಿತು, ಹಾರ್ನ್ ಹೊಡೆಯಿತು, ಕಾದು ಹೊರಟುಹೋಯಿತು.

ಸುಜಾತಾ ಕಣ್ಣೊರೆಸಿಕೊಂಡಳು.

“ಇನ್ನೊಮ್ಮೆ ಹೇಳು,” ಎಂದಳು.